ಯುದ್ಧದ ಕಾನೂನು ಮತ್ತು ಮಾನವ ಹಕ್ಕುಗಳು: ಐದು ಉಚಿತ ಕಾನೂನು ಡೇಟಾಬೇಸ್‌ಗಳ ಪರಿಶೀಲನೆ

ಯುದ್ಧ ನಡೆಯುತ್ತಿರುವ ಜಾಗದಲ್ಲಿ ಒಬ್ಬರನ್ನು ಕೊಂದದ್ದು, ಅಥವಾ ವಿಚಾರಣೆಯಿಲ್ಲದೆ ಹಿಡಿದಿಟ್ಟದ್ದು ಕಾನೂನುಬದ್ಧವೇ ಎಂದು ತಿಳಿಯಬೇಕಾದವರು ಎರಡು ಕಾನೂನುಗಳನ್ನು ಓದಬೇಕಾಗುತ್ತದೆ. ಒಂದು, ಜಿನೀವಾ ಒಪ್ಪಂದಗಳ ಸುತ್ತ ಬೆಳೆದ ಯುದ್ಧದ ಕಾನೂನು. ಇನ್ನೊಂದು, ಶಾಂತಿಯಿದ್ದರೂ ಯುದ್ಧವಿದ್ದರೂ ಸರ್ಕಾರದ ಕೈ ಕಟ್ಟುವ ಮಾನವ ಹಕ್ಕುಗಳ ಕಾನೂನು. ಎರಡೂ ಒಂದೇ ಉತ್ತರ ಕೊಟ್ಟರೆ ತೊಂದರೆಯಿಲ್ಲ. ಬೇರೆ ಬೇರೆ ಉತ್ತರ ಕೊಟ್ಟಾಗ ಯಾವುದು ನಿಲ್ಲುತ್ತದೆ ಎಂಬಲ್ಲಿ ವಿದ್ಯಾರ್ಥಿಗಳೂ ಪತ್ರಕರ್ತರೂ ಹಕ್ಕುಗಳ ಕಾರ್ಯಕರ್ತರೂ ಎಡವುತ್ತಾರೆ. ಇದಕ್ಕೆ ಬೇಕಾದ ಮೂಲ ದಾಖಲೆಗಳೆಲ್ಲ ಈಗ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಇಲ್ಲಿ ಪರಿಶೀಲಿಸಿರುವುದು ಅಂಥ ಐದು ಸೇವೆಗಳನ್ನು: ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಸಮಿತಿಯ ಕಾನೂನು ಡೇಟಾಬೇಸ್, ಅದೇ ಸಮಿತಿಯ ಆನ್‌ಲೈನ್ ಕೇಸ್‌ಬುಕ್, ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತೀರ್ಪುಗಳ ಡೇಟಾಬೇಸ್ ಹ್ಯೂಡಾಕ್, ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಜಾಲತಾಣ, ಹಾಗೂ ವಿಶ್ವಸಂಸ್ಥೆಯ ಒಪ್ಪಂದ ಮತ್ತು ಸಮಿತಿ ದಾಖಲೆಗಳ ತಾಣಗಳು. ಯಾವುದಕ್ಕೂ ಹಣ ಕೊಡಬೇಕಿಲ್ಲ, ಖಾತೆ ತೆರೆಯಬೇಕಿಲ್ಲ.

ತೀರ್ಮಾನ ಮೊದಲೇ ಹೇಳಿಬಿಡುವುದು ಒಳ್ಳೆಯದು. ಇವುಗಳಲ್ಲಿ ಯಾವುದೂ ಒಂಟಿಯಾಗಿ ಸಾಲದು. ರೆಡ್‌ಕ್ರಾಸ್ ಡೇಟಾಬೇಸ್ ಯುದ್ಧದ ಕಾನೂನಿನ ಮಟ್ಟಿಗೆ ಅತ್ಯುತ್ತಮ, ಆದರೆ ಎರಡು ಕಾನೂನುಗಳು ಡಿಕ್ಕಿ ಹೊಡೆಯುವ ಜಾಗದಲ್ಲಿ ಮಾತು ಕಡಿಮೆ ಮಾಡುತ್ತದೆ. ಡಿಕ್ಕಿಯ ನಿಜವಾದ ದಾಖಲೆ ಹ್ಯೂಡಾಕ್‌ನಲ್ಲಿದೆ. ಆದರೆ ಅದು ಏನು ಹುಡುಕಬೇಕೆಂದು ಗೊತ್ತಿದ್ದವರಿಗೆ ಮಾತ್ರ ಒಲಿಯುವ ಸಾಧನ. ಕೇಸ್‌ಬುಕ್ ಕಲಿಯಲು ಸೊಗಸು, ಉಲ್ಲೇಖಿಸಲು ಅಪಾಯಕಾರಿ.

ಪ್ರತಿ ಸೇವೆಯನ್ನೂ ಮೂರು ಪ್ರಶ್ನೆಗಳಿಂದ ಅಳೆಯಲಾಗಿದೆ. ದಾಳಿಯಲ್ಲಿ ನಾಗರಿಕರು ಸತ್ತರೆ ಅದು ‘ಮನಸೋಇಚ್ಛೆಯ’ ಜೀವಹರಣವೇ? ಅಪರಾಧದ ಆರೋಪವಿಲ್ಲದೆ ಭದ್ರತೆಯ ಕಾರಣಕ್ಕೆ ಬಂಧಿಸಿಟ್ಟರೆ ಯಾವ ಕಾನೂನಿನ ಅಡಿಯಲ್ಲಿ? ಸರ್ಕಾರ ತನ್ನ ಗಡಿಯಾಚೆ ಸೇನೆ ಕಳಿಸಿದಾಗ ಅದರ ಮಾನವ ಹಕ್ಕುಗಳ ಹೊಣೆಯೂ ಜೊತೆಗೆ ಹೋಗುತ್ತದೆಯೇ?

ರೆಡ್‌ಕ್ರಾಸ್ ಡೇಟಾಬೇಸ್‌ನಿಂದ ಶುರುಮಾಡೋಣ. ಇದರೊಳಗೆ ಮೂರು ಪದರಗಳಿವೆ: ಒಪ್ಪಂದಗಳ ಪಠ್ಯ, ಆ ಪಠ್ಯಕ್ಕೆ ವಿಧಿವಾರು ವ್ಯಾಖ್ಯಾನ, ಮತ್ತು ರೂಢಿಗತ ಕಾನೂನು, ಅಂದರೆ ಒಪ್ಪಂದದಿಂದಲ್ಲದೆ ದೇಶಗಳ ಆಚರಣೆಯಿಂದ ಬೆಳೆದ ಕಾನೂನು. ಒಪ್ಪಂದಗಳ ವಿಭಾಗ ಸ್ವಚ್ಛವಾಗಿದೆ. 1949ರ ನಾಲ್ಕು ಜಿನೀವಾ ಒಪ್ಪಂದಗಳಿಗೆ 196 ದೇಶಗಳು ಬದ್ಧ. 1977ರ ಎರಡು ಹೆಚ್ಚುವರಿ ಪ್ರೋಟೋಕಾಲ್‌ಗಳಿಗೆ ಅಷ್ಟು ದೇಶಗಳು ಸೇರಿಲ್ಲ. ಆದ್ದರಿಂದ ಒಪ್ಪಂದದ ಪುಟದಲ್ಲೇ ಇರುವ ಸದಸ್ಯ ದೇಶಗಳ ಪಟ್ಟಿಯನ್ನು ಮೊದಲು ತೆರೆದು ನೋಡಿ. ಪಟ್ಟಿಯಲ್ಲಿ ಸೇರಿದ ದಿನಾಂಕವಿರುತ್ತದೆ, ಷರತ್ತು ಅಥವಾ ಘೋಷಣೆ ಇದ್ದರೆ ಅದೂ ಇರುತ್ತದೆ. ಘಟನೆ ನಡೆದ ದಿನ ಆ ದೇಶ ಬದ್ಧವಾಗಿತ್ತೇ ಎಂಬುದು ಇಲ್ಲೇ ಇತ್ಯರ್ಥವಾಗುತ್ತದೆ.

ವ್ಯಾಖ್ಯಾನದಲ್ಲಿ ಎಡವುವ ಜಾಗ ಒಂದಿದೆ. ಜಿನೀವಾ ಒಪ್ಪಂದಗಳ ಮೂಲ ವ್ಯಾಖ್ಯಾನಗಳು 1952ರಿಂದ 1960ರ ನಡುವೆ ಬಂದವು. ಹೊಸ ವ್ಯಾಖ್ಯಾನಗಳು ಮೊದಲ ಒಪ್ಪಂದಕ್ಕೆ 2016ರಲ್ಲಿ, ಎರಡನೆಯದಕ್ಕೆ 2017ರಲ್ಲಿ, ಮೂರನೆಯದಕ್ಕೆ 2020ರಲ್ಲಿ ಪ್ರಕಟವಾದವು. ಸರ್ಚ್ ಇಂಜಿನ್ ಮೂಲಕ ಒಳಗೆ ಬಂದರೆ ಹಳೆಯ ವ್ಯಾಖ್ಯಾನದ ಪುಟಕ್ಕೆ ಬಂದು ಬೀಳುವುದು ಸಾಮಾನ್ಯ. 1952ರಲ್ಲಿ ಬರೆದವರ ಮುಂದೆ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯೇ ಇರಲಿಲ್ಲ. ಅದು ಅಂಗೀಕಾರವಾದದ್ದು 1966ರಲ್ಲಿ, ಜಾರಿಗೆ ಬಂದದ್ದು 1976ರಲ್ಲಿ. ಹಾಗಾಗಿ ಎರಡು ಕಾನೂನುಗಳ ಸಂಬಂಧದ ಬಗ್ಗೆ ಹಳೆಯ ವ್ಯಾಖ್ಯಾನದಲ್ಲಿ ಏನೂ ಸಿಗದಿದ್ದರೆ ‘ಸಂಬಂಧವೇ ಇಲ್ಲ’ ಎಂದು ಅರ್ಥಮಾಡಿಕೊಳ್ಳಬಾರದು. ಪ್ರೋಟೋಕಾಲ್‌ಗಳ ವ್ಯಾಖ್ಯಾನ 1987ರದು; ಆಗ ಒಡಂಬಡಿಕೆ ಜಾರಿಯಲ್ಲಿತ್ತು, ಆದರೂ ಆ ವ್ಯಾಖ್ಯಾನವೂ ಈಗ ಹಳೆಯದೇ. ನಾಲ್ಕೂ ಒಪ್ಪಂದಗಳಿಗೆ ಸಾಮಾನ್ಯವಾದ ವಿಧಿ 3 (ಆಂತರಿಕ ಸಂಘರ್ಷಕ್ಕೆ ಅನ್ವಯಿಸುವ ಕನಿಷ್ಠ ನಿಯಮಗಳು) ಓದುವವರು 2016ರ ಪಠ್ಯಕ್ಕೇ ನಿಲ್ಲದೆ 2020ರ ಪಠ್ಯವನ್ನೂ ನೋಡಬೇಕು, ಏಕೆಂದರೆ ಪ್ರತಿ ಒಪ್ಪಂದದ ಹೊಸ ವ್ಯಾಖ್ಯಾನದಲ್ಲೂ ಆ ವಿಧಿಯ ಚರ್ಚೆ ಮತ್ತೆ ಬರುತ್ತದೆ.

ಈ ಸೇವೆಯ ಜೀವಾಳ ರೂಢಿಗತ ಕಾನೂನಿನ ವಿಭಾಗ. 2005ರಲ್ಲಿ ಪ್ರಕಟವಾದ ಅಧ್ಯಯನದ 161 ನಿಯಮಗಳು ಇಲ್ಲಿವೆ. ಪ್ರತಿ ನಿಯಮಕ್ಕೂ ಚಿಕ್ಕ ವಿವರಣೆಯಿದೆ, ಅದರ ಹಿಂದೆ ದೇಶಗಳ ಸೇನಾ ಕೈಪಿಡಿಗಳು, ಕಾಯ್ದೆಗಳು, ತೀರ್ಪುಗಳು, ಹೇಳಿಕೆಗಳ ದೊಡ್ಡ ಸಂಗ್ರಹವಿದೆ. ದಾಳಿಯ ಪ್ರಶ್ನೆಗೆ ನಿಯಮ 1 (ನಾಗರಿಕ ಮತ್ತು ಹೋರಾಟಗಾರರ ನಡುವಿನ ವ್ಯತ್ಯಾಸ), ನಿಯಮ 6 (ನಾಗರಿಕರು ರಕ್ಷಣೆ ಕಳೆದುಕೊಳ್ಳುವ ಸಂದರ್ಭ), ನಿಯಮ 14 (ದಾಳಿಯ ಸೇನಾ ಲಾಭಕ್ಕೂ ನಾಗರಿಕ ಹಾನಿಗೂ ಇರಬೇಕಾದ ಪ್ರಮಾಣ), ನಿಯಮ 15 (ದಾಳಿಯಲ್ಲಿ ತೆಗೆದುಕೊಳ್ಳಬೇಕಾದ ಮುನ್ನೆಚ್ಚರಿಕೆಗಳು) ಸಾಕು. ನಮ್ಮ ವಿಷಯಕ್ಕೆ ಇವಕ್ಕಿಂತ ಮುಖ್ಯವಾದದ್ದು ಅಧ್ಯಾಯ 32, ಅಂದರೆ ನಿಯಮ 87ರಿಂದ 105ರವರೆಗಿನ ಮೂಲಭೂತ ರಕ್ಷಣೆಗಳು. ಕೊಲೆಯ ನಿಷೇಧ ನಿಯಮ 89ರಲ್ಲಿದೆ, ಚಿತ್ರಹಿಂಸೆಯ ನಿಷೇಧ 90ರಲ್ಲಿ, ಬಲವಂತದ ಕಣ್ಮರೆಯ ನಿಷೇಧ 98ರಲ್ಲಿ, ಮನಸೋಇಚ್ಛೆ ಬಂಧನದ ನಿಷೇಧ 99ರಲ್ಲಿ, ನ್ಯಾಯಯುತ ವಿಚಾರಣೆ 100ರಲ್ಲಿ. ಆ ಅಧ್ಯಾಯದ ಪೀಠಿಕೆಯನ್ನು ಬಹುತೇಕರು ಬಿಟ್ಟು ನೇರ ನಿಯಮಕ್ಕೆ ಹೋಗುತ್ತಾರೆ. ಬಿಡಬೇಡಿ. ಮಾನವ ಹಕ್ಕುಗಳ ಕಾನೂನು ಯುದ್ಧದಲ್ಲೂ ಅನ್ವಯಿಸುತ್ತದೆ ಎಂಬುದನ್ನೂ, ಯುದ್ಧದ ಕಾನೂನಿನ ತತ್ವಗಳನ್ನು ಬಲಪಡಿಸಲು ಮತ್ತು ಸ್ಪಷ್ಟಪಡಿಸಲು ಹಕ್ಕುಗಳ ಕಾನೂನಿನ ಆಧಾರಗಳನ್ನು ಬಳಸಲಾಗಿದೆ ಎಂಬುದನ್ನೂ ಸಂಪಾದಕರು ಅಲ್ಲೇ ಹೇಳಿದ್ದಾರೆ.

ಆ ಹೇಳಿಕೆಯಲ್ಲಿ ಈ ಸೇವೆಯ ಬಲವೂ ಇದೆ, ಮಿತಿಯೂ ಇದೆ. ನಿಯಮ 99ರ ವಿವರಣೆ ಓದಿದರೆ ಗೊತ್ತಾಗುತ್ತದೆ. ದೇಶ-ದೇಶಗಳ ನಡುವಿನ ಯುದ್ಧದ ಭಾಗಕ್ಕೆ ಜಿನೀವಾ ಒಪ್ಪಂದಗಳ ವಿಧಿಗಳೇ ಆಧಾರ. ಆಂತರಿಕ ಸಂಘರ್ಷದ ಭಾಗಕ್ಕೆ ಬಂದಾಗ ಆಧಾರದ ಬಹುಪಾಲು ಮಾನವ ಹಕ್ಕುಗಳ ಒಪ್ಪಂದಗಳಿಂದ ಬಂದಿದೆ. ಓದುಗರು ‘ಯುದ್ಧದ ಕಾನೂನೇ ಹೀಗೆ ಹೇಳುತ್ತದೆ’ ಎಂದು ಉಲ್ಲೇಖಿಸುತ್ತಾರೆ. ಎದುರು ವಾದಿಸುವವರು ಕೂಡಲೇ, ಅದು ಯುದ್ಧದ ಕಾನೂನಲ್ಲ, ಹಕ್ಕುಗಳ ಕಾನೂನನ್ನು ತಂದು ಸೇರಿಸಿದ್ದು ಎನ್ನುತ್ತಾರೆ. ಅಧ್ಯಯನದ ವಿಧಾನವನ್ನೇ ಪ್ರಶ್ನಿಸಿ ಅಮೆರಿಕ ಸರ್ಕಾರ 2006ರಲ್ಲಿ ಸಮಿತಿಯ ಅಧ್ಯಕ್ಷರಿಗೆ ವಿವರವಾದ ಪತ್ರ ಬರೆದಿತ್ತು. ನಿಯಮ ಉಲ್ಲೇಖಿಸುವಾಗ ಅದರ ಕೆಳಗಿನ ಅಡಿಟಿಪ್ಪಣಿಗಳನ್ನು ತೆರೆದು, ಎಷ್ಟು ಆಧಾರ ಯಾವ ಕಾನೂನಿನಿಂದ ಬಂದಿದೆ ಎಂದು ನೋಡಿಯೇ ಬರೆಯಿರಿ. ಕಾಲು ಗಂಟೆಯ ಕೆಲಸ, ಆದರೆ ವಾದ ಉಳಿಯುವುದು ಅದರಿಂದಲೇ. ಇನ್ನೊಂದು ಎಚ್ಚರಿಕೆ: ದೇಶಗಳ ಆಚರಣೆಯ ಸಂಗ್ರಹ ಎಲ್ಲ ದೇಶಗಳಿಗೂ ಒಂದೇ ದಿನಾಂಕದವರೆಗೆ ಪರಿಷ್ಕೃತವಾಗಿಲ್ಲ. ನಿಮಗೆ ಬೇಕಾದ ದೇಶದ ಕೊನೆಯ ನಮೂದು ಯಾವ ವರ್ಷದ್ದೆಂದು ನೋಡದೆ ‘ಈ ದೇಶದ ನಿಲುವು ಇದು’ ಎನ್ನಬೇಡಿ.

ಬಂಧನದ ಪ್ರಶ್ನೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ಎರಡು ಕಾನೂನುಗಳ ಪಠ್ಯ ಇಲ್ಲಿ ನೇರವಾಗಿ ಭಿನ್ನ. ಮೂರನೆಯ ಜಿನೀವಾ ಒಪ್ಪಂದದ ವಿಧಿ 21 ಯುದ್ಧಕೈದಿಗಳನ್ನು ಹಿಡಿದಿಡಲು ಅವಕಾಶ ಕೊಡುತ್ತದೆ. ವಿಧಿ 118ರ ಪ್ರಕಾರ ಸಕ್ರಿಯ ಕಾದಾಟ ಮುಗಿದ ಮೇಲೆ ತಡಮಾಡದೆ ಬಿಡಬೇಕು. ನಾಲ್ಕನೆಯ ಒಪ್ಪಂದದ ವಿಧಿ 42 ಮತ್ತು 43 ತನ್ನ ನೆಲದಲ್ಲಿರುವ ಶತ್ರುದೇಶದ ನಾಗರಿಕರನ್ನು ಭದ್ರತೆಗೆ ಅತ್ಯಗತ್ಯವಾದರೆ ಬಂಧಿಸಲು ಬಿಡುತ್ತವೆ, ವರ್ಷಕ್ಕೆ ಕನಿಷ್ಠ ಎರಡು ಬಾರಿ ಮರುಪರಿಶೀಲನೆ ಕೇಳುತ್ತವೆ. ಆಕ್ರಮಿತ ಪ್ರದೇಶಕ್ಕೆ ವಿಧಿ 78 ಇದೆ, ಅಲ್ಲಿ ಸಾಧ್ಯವಾದರೆ ಆರು ತಿಂಗಳಿಗೊಮ್ಮೆ ಮರುಪರಿಶೀಲನೆ. ಈ ಯಾವ ವಿಧಿಯಲ್ಲೂ ನ್ಯಾಯಾಲಯವೇ ಪರಿಶೀಲಿಸಬೇಕೆಂಬ ಕಡ್ಡಾಯವಿಲ್ಲ. ಈಗ ಪಕ್ಕದ ಕಿಟಕಿಯಲ್ಲಿ 1950ರ ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ ವಿಧಿ 5 ತೆರೆಯಿರಿ. ಬಂಧನಕ್ಕೆ ಅಲ್ಲಿ ಆರೇ ಕಾರಣಗಳು, ಪಟ್ಟಿ ಮುಚ್ಚಿದೆ. ಭದ್ರತೆಗಾಗಿ ಆರೋಪವಿಲ್ಲದ ಬಂಧನ ಅದರಲ್ಲಿಲ್ಲ. ನ್ಯಾಯಾಲಯದ ಪರಿಶೀಲನೆ ಕಡ್ಡಾಯ. ವಿಶ್ವಸಂಸ್ಥೆಯ 1966ರ ಒಡಂಬಡಿಕೆಯ ವಿಧಿ 9 ಹಾಗೆ ಪಟ್ಟಿ ಕೊಡುವುದಿಲ್ಲ, ‘ಮನಸೋಇಚ್ಛೆ’ ಬಂಧನವನ್ನು ನಿಷೇಧಿಸುತ್ತದೆ. ಅದರೊಳಗೆ ಜಿನೀವಾ ನಿಯಮಗಳನ್ನು ಕೂರಿಸಲು ಜಾಗವಿದೆ. ಎರಡು ಹಕ್ಕುಗಳ ಒಪ್ಪಂದಗಳ ನಡುವಿನ ಈ ವ್ಯತ್ಯಾಸ ತಿಳಿಯದೆ ಬರೆದ ಲೇಖನಗಳು ಬಹಳ. ಮೂರೂ ಪಠ್ಯಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಸೌಲಭ್ಯ ಈ ಐದು ಸೇವೆಗಳಲ್ಲಿ ಒಂದರಲ್ಲೂ ಇಲ್ಲ. ಇಷ್ಟು ದೊಡ್ಡ ಸಂಸ್ಥೆಗಳು ಇಷ್ಟು ಚಿಕ್ಕ ಕೆಲಸ ಮಾಡದಿರುವುದು ಬೇಸರದ ಸಂಗತಿ.

ಕೇಸ್‌ಬುಕ್ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಅಕಾರಾದಿ ಪದಪಟ್ಟಿ, ಕಾನೂನಿನ ಪರಿಚಯ, ಪ್ರಕರಣಗಳ ಆಯ್ದ ಭಾಗಗಳು, ಪ್ರತಿ ಪ್ರಕರಣದ ಕೊನೆಗೆ ಚರ್ಚೆಯ ಪ್ರಶ್ನೆಗಳು, ಪ್ರಶ್ನೆಗಳ ಜೊತೆಗೆ ನೋಡಬೇಕಾದ ವಿಧಿಗಳ ಸಂಖ್ಯೆ, ಹೀಗಿದೆ ಅದರ ರಚನೆ. ಈ ಪ್ರಶ್ನೆಗಳು ನಿಜಕ್ಕೂ ಚೆನ್ನಾಗಿವೆ. ಉದಾಹರಣೆಗೆ, ಗುರಿಯಿಟ್ಟು ಕೊಲ್ಲುವ ನೀತಿಯ ಬಗ್ಗೆ ಇಸ್ರೇಲಿನ ಸುಪ್ರೀಂ ಕೋರ್ಟ್ ಡಿಸೆಂಬರ್ 2006ರಲ್ಲಿ ಕೊಟ್ಟ ತೀರ್ಪು ಇಲ್ಲಿದೆ. ಕಾದಾಟದಲ್ಲಿ ನೇರವಾಗಿ ಭಾಗವಹಿಸುವ ನಾಗರಿಕರ ಮೇಲೂ, ಕಡಿಮೆ ಹಾನಿಯ ದಾರಿ ಇದ್ದರೆ ದಾಳಿ ಮಾಡಬಾರದು, ಬಂಧಿಸಿ ವಿಚಾರಣೆಗೆ ಒಳಪಡಿಸಲು ಆಗುವುದಾದರೆ ಹಾಗೇ ಮಾಡಬೇಕು ಎಂದು ಆ ನ್ಯಾಯಾಲಯ ಹೇಳಿತು. ಯುದ್ಧದ ಕಾನೂನಿನ ಪ್ರಕರಣದೊಳಕ್ಕೆ ಹಕ್ಕುಗಳ ತರ್ಕ ಹೇಗೆ ನುಸುಳುತ್ತದೆ ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ತೊಂದರೆಗಳು ಎರಡು. ಪ್ರಶ್ನೆಗಳಿವೆ, ಉತ್ತರಗಳಿಲ್ಲ; ಸ್ವಂತವಾಗಿ ಕಲಿಯುವವರು ತಾವು ಸರಿಯೋ ತಪ್ಪೋ ಎಂದು ತಿಳಿಯದೆ ಒದ್ದಾಡುತ್ತಾರೆ. ಮತ್ತು ತೀರ್ಪುಗಳು ಪೂರ್ತಿಯಾಗಿಲ್ಲ, ಸಂಪಾದಕರು ಆರಿಸಿದ ಕಂಡಿಕೆಗಳಷ್ಟೇ ಇವೆ. ಭಿನ್ನಮತದ ತೀರ್ಪು ಬೇಕಿದ್ದರೆ, ಅಥವಾ ಆರಿಸಿದ ಕಂಡಿಕೆಯ ಹಿಂದುಮುಂದು ಬೇಕಿದ್ದರೆ ಮೂಲಕ್ಕೇ ಹೋಗಬೇಕು. ಕೇಸ್‌ಬುಕ್‌ನಿಂದ ಓದಿ, ಮೂಲದಿಂದ ಉಲ್ಲೇಖಿಸಿ.

ಹ್ಯೂಡಾಕ್‌ಗೆ ಬಂದಾಗ ಕೆಲಸದ ಸ್ವರೂಪವೇ ಬದಲಾಗುತ್ತದೆ. ಇಲ್ಲಿ ತತ್ವವಿಲ್ಲ, ಘಟನೆಗಳಿವೆ: ಯಾವ ಊರು, ಯಾವ ಬಾಂಬು, ಎಷ್ಟು ಹೊತ್ತಿಗೆ ಎಚ್ಚರಿಕೆ ಕೊಟ್ಟರು. ನಾಗರಿಕರ ಸಾವನ್ನು ಇಷ್ಟು ವಿವರವಾಗಿ ದಾಖಲಿಸಿಟ್ಟ ಸಾರ್ವಜನಿಕ ಸಂಗ್ರಹಗಳು ಬಹಳ ಕಡಿಮೆ.

ಹುಡುಕುವ ಕ್ರಮ ಹೀಗಿರಲಿ. ‘ಇಂಟರ್‌ನ್ಯಾಷನಲ್ ಹ್ಯುಮಾನಿಟೇರಿಯನ್ ಲಾ’ ಎಂಬ ಪದಗುಚ್ಛವನ್ನು ಇಂಗ್ಲಿಷಿನಲ್ಲಿ ಜೋಡಿ ಉದ್ಧರಣ ಚಿಹ್ನೆಗಳೊಳಗೆ ಟೈಪ್ ಮಾಡಿ. ಚಿಹ್ನೆ ಹಾಕದಿದ್ದರೆ ಮೂರು ಪದಗಳೂ ಬಿಡಿಬಿಡಿಯಾಗಿ ಹುಡುಕಲ್ಪಟ್ಟು ಸಂಬಂಧವಿಲ್ಲದ ಫಲಿತಾಂಶಗಳು ತುಂಬಿಕೊಳ್ಳುತ್ತವೆ. ಎಡಬದಿಯ ಫಿಲ್ಟರ್‌ಗಳಲ್ಲಿ ತೀರ್ಪುಗಳು ಎಂಬ ಗುಂಪನ್ನು ಆರಿಸಿ, ಅದರೊಳಗೆ ಗ್ರ್ಯಾಂಡ್ ಚೇಂಬರ್‌ಗೆ (ಆ ನ್ಯಾಯಾಲಯದ ಅತಿ ದೊಡ್ಡ ಪೀಠ) ಗುರುತು ಹಾಕಿ. ಆಮೇಲೆ ಯುರೋಪಿನ ಒಡಂಬಡಿಕೆಯ ವಿಧಿಯ ಫಿಲ್ಟರ್: ಕೊಲೆಗೆ 2, ಬಂಧನಕ್ಕೆ 5, ತುರ್ತು ಪರಿಸ್ಥಿತಿಗೆ 15, ಗಡಿಯಾಚೆಯ ಹೊಣೆಗೆ 1. ತೀರ್ಪು ತೆರೆದ ಮೇಲೆ ಪ್ರಕರಣದ ವಿವರಗಳ ಟ್ಯಾಬ್‌ಗೆ ಹೋದರೆ ತೀರ್ಮಾನಗಳು, ಪ್ರತ್ಯೇಕ ಅಭಿಪ್ರಾಯಗಳಿವೆಯೇ ಎಂಬುದು, ಉಲ್ಲೇಖಿಸಿದ ಹಿಂದಿನ ತೀರ್ಪುಗಳು, ಅಂತರರಾಷ್ಟ್ರೀಯ ಕಾನೂನಿನ ಆಧಾರಗಳು ಒಂದೆಡೆ ಸಿಗುತ್ತವೆ. ನೂರಾರು ಕಂಡಿಕೆಗಳ ತೀರ್ಪಿಗೆ ಸಂಕ್ಷಿಪ್ತ ಸಾರವೂ ಇರುತ್ತದೆ, ಅದಕ್ಕೆ ಬೇರೆ ಗುಂಪಿದೆ.

ಎಲ್ಲರೂ ಬೀಳುವ ಹಳ್ಳ ಇದು: ಪದಗುಚ್ಛ ಸಿಕ್ಕಿತು ಎಂದ ಮಾತ್ರಕ್ಕೆ ನ್ಯಾಯಾಲಯ ಯುದ್ಧದ ಕಾನೂನನ್ನು ಅನ್ವಯಿಸಿತು ಎಂದಲ್ಲ. ಸ್ಟ್ರಾಸ್‌ಬರ್ಗ್‌ನಲ್ಲಿರುವ ಈ ನ್ಯಾಯಾಲಯದ ತೀರ್ಪುಗಳಲ್ಲಿ ಮೊದಲು ಸಂಗತಿಗಳು, ಆಮೇಲೆ ಸಂಬಂಧಿತ ದೇಶೀಯ ಮತ್ತು ಅಂತರರಾಷ್ಟ್ರೀಯ ಕಾನೂನು, ಆಮೇಲೆ ಪಕ್ಷಗಳ ವಾದ, ಕೊನೆಗೆ ನ್ಯಾಯಾಲಯದ ಮೌಲ್ಯಮಾಪನ ಬರುತ್ತದೆ. ಪದಗುಚ್ಛ ಬಹಳ ಸಲ ಸಿಗುವುದು ಎರಡನೆಯ ಮತ್ತು ಮೂರನೆಯ ಭಾಗದಲ್ಲಿ. ನ್ಯಾಯಾಲಯದ ಮಾತಾಗಿ ಉಲ್ಲೇಖಿಸಲು ಮೌಲ್ಯಮಾಪನ ಎಂಬ ಶೀರ್ಷಿಕೆಯ ಕೆಳಗಿನ ಕಂಡಿಕೆಗಳು ಮಾತ್ರ ಬಳಕೆಗೆ ಬರುತ್ತವೆ.

ಇದರ ತಿರುವುಮುರುವೂ ಇದೆ. ಚೆಚೆನ್ಯಾದ ಕಾತಿರ್-ಯೂರ್ತ್ ಹಳ್ಳಿಯ ಮೇಲೆ ಫೆಬ್ರವರಿ 2000ದಲ್ಲಿ ನಡೆದ ದಾಳಿಯ ಪ್ರಕರಣ, ಇಸಾಯೆವಾ ವಿರುದ್ಧ ರಷ್ಯಾ, ಅರ್ಜಿ ಸಂಖ್ಯೆ 57950/00, ತೀರ್ಪು 24 ಫೆಬ್ರವರಿ 2005. ನಿರಾಶ್ರಿತರಿಂದ ತುಂಬಿದ್ದ ಹಳ್ಳಿಯ ಮೇಲೆ ಭಾರೀ ವಿಮಾನ ಬಾಂಬುಗಳನ್ನು ಹಾಕಲಾಗಿತ್ತು. ಅರ್ಜಿದಾರರ ಮಗ ಮತ್ತು ತಂಗಿ-ತಮ್ಮಂದಿರ ಮನೆಯ ಮೂವರು ಹೆಣ್ಣುಮಕ್ಕಳು ಸತ್ತರು. ರಷ್ಯಾ ತುರ್ತು ಪರಿಸ್ಥಿತಿ ಘೋಷಿಸಿರಲಿಲ್ಲ, ವಿಧಿ 15ರ ಸೂಚನೆಯನ್ನೂ, ಅಂದರೆ ಹಕ್ಕುಗಳನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡುತ್ತೇವೆ ಎಂಬ ಸೂಚನೆಯನ್ನೂ ಕೊಟ್ಟಿರಲಿಲ್ಲ. ಆದ್ದರಿಂದ ನ್ಯಾಯಾಲಯ ಸಾಮಾನ್ಯ ಕಾಲದ ಅಳತೆಗೋಲಿನಲ್ಲೇ, ವಿಧಿ 2ರ ಅಡಿಯಲ್ಲೇ ಅಳೆದು ಉಲ್ಲಂಘನೆ ಎಂದಿತು. ಆ ತರ್ಕ ಯುದ್ಧದ ಕಾನೂನಿನ ಮೇಲೆ ನಿಂತಿಲ್ಲ. ಆದರೂ ದಾಳಿಯ ಯೋಜನೆ, ಆಯುಧದ ಆಯ್ಕೆ, ನಾಗರಿಕರು ಹೊರಬರಲು ಸುರಕ್ಷಿತ ದಾರಿ, ಎಚ್ಚರಿಕೆ ಎಲ್ಲವನ್ನೂ ಒಂದೊಂದಾಗಿ ನೋಡಿದೆ. ರೆಡ್‌ಕ್ರಾಸ್ ಡೇಟಾಬೇಸ್‌ನ ನಿಯಮ 15ರಿಂದ 21ರವರೆಗೆ ತೆರೆದಿಟ್ಟುಕೊಂಡು ಈ ತೀರ್ಪು ಓದಿದರೆ ಎರಡು ಕಾನೂನುಗಳು ಎಷ್ಟು ಹತ್ತಿರ ಬರುತ್ತವೆ ಎಂದು ಕಾಣುತ್ತದೆ. ಇಂಥ ತೀರ್ಪುಗಳು ಯುದ್ಧದ ಕಾನೂನಿನ ಹೆಸರಿನಿಂದ ಹುಡುಕಿದಾಗ ಮೇಲೆ ಬರುತ್ತವೆಂಬ ಭರವಸೆಯಿಲ್ಲ. ವಿಧಿ 2 ಮತ್ತು ದೇಶದ ಫಿಲ್ಟರ್‌ನಿಂದ ಬೇರೆಯಾಗಿ ಹುಡುಕಬೇಕು.

ಬಂಧನಕ್ಕೆ ಓದಲೇಬೇಕಾದ್ದು ಹಸನ್ ವಿರುದ್ಧ ಬ್ರಿಟನ್, ಅರ್ಜಿ ಸಂಖ್ಯೆ 29750/09, ತೀರ್ಪು 16 ಸೆಪ್ಟೆಂಬರ್ 2014. 2003ರ ಏಪ್ರಿಲ್‌ನಲ್ಲಿ ಇರಾಕಿನಲ್ಲಿ ಬ್ರಿಟಿಷ್ ಸೇನೆ ಒಬ್ಬರನ್ನು ಹಿಡಿದು ಬುಕ್ಕಾ ಶಿಬಿರಕ್ಕೆ ಒಯ್ದ ಪ್ರಕರಣ. ಬ್ರಿಟನ್ ವಿಧಿ 15ರ ಸೂಚನೆ ಕೊಟ್ಟಿರಲಿಲ್ಲ. ಆದರೂ ದೇಶ-ದೇಶಗಳ ನಡುವಿನ ಯುದ್ಧದಲ್ಲಿ ವಿಧಿ 5ರ ಆರು ಕಾರಣಗಳನ್ನು ಮೂರನೆಯ ಮತ್ತು ನಾಲ್ಕನೆಯ ಜಿನೀವಾ ಒಪ್ಪಂದಗಳ ಬಂಧನದ ಅಧಿಕಾರದೊಂದಿಗೆ ಸಾಧ್ಯವಾದಷ್ಟು ಹೊಂದಿಸಿ ಓದಬೇಕು ಎಂದು 13-4 ಬಹುಮತದಿಂದ ತೀರ್ಮಾನವಾಯಿತು. ಮೂರು ಷರತ್ತುಗಳನ್ನು ಬಿಡಬೇಡಿ. ಬಂಧನ ಯುದ್ಧದ ಕಾನೂನಿಗೆ ಅನುಗುಣವಾಗಿರಬೇಕು. ಮರುಪರಿಶೀಲಿಸುವ ಸಂಸ್ಥೆ ನ್ಯಾಯಾಲಯ ಆಗಿರಬೇಕಿಲ್ಲವಾದರೂ ಅದರಲ್ಲಿ ನಿಷ್ಪಕ್ಷಪಾತ ಮತ್ತು ನ್ಯಾಯಯುತ ವಿಧಾನದ ಖಾತರಿ ಇರಬೇಕು. ಮತ್ತು ಸರ್ಕಾರ ತಾನೇ ಸ್ಪಷ್ಟವಾಗಿ ಈ ವಾದ ಮಂಡಿಸಿದ್ದರೆ ಮಾತ್ರ ನ್ಯಾಯಾಲಯ ಹಾಗೆ ಓದುತ್ತದೆ. ನಾಲ್ವರು ನ್ಯಾಯಾಧೀಶರ ಭಿನ್ನಮತವನ್ನೂ ಓದಿ: ಪಟ್ಟಿ ಮುಚ್ಚಿದೆ, ಬೇಕಿದ್ದರೆ ಸರ್ಕಾರ ವಿಧಿ 15 ಬಳಸಬೇಕಿತ್ತು ಎನ್ನುವ ಆ ವಾದ ಇಂದಿಗೂ ಬಲವಾಗಿಯೇ ಇದೆ. ಈ ತೀರ್ಪನ್ನು ಆಂತರಿಕ ಸಂಘರ್ಷಕ್ಕೂ ಎಳೆದು ಅನ್ವಯಿಸುವುದು ಸಾಮಾನ್ಯವಾಗಿ ಕಾಣುವ ತಪ್ಪು. ಅದರ ಮಾತು ದೇಶ-ದೇಶಗಳ ನಡುವಿನ ಯುದ್ಧಕ್ಕೆ ಸೀಮಿತ. ಆಂತರಿಕ ಸಂಘರ್ಷದಲ್ಲಿ ಯಾರನ್ನು, ಯಾವ ಕಾರಣಕ್ಕೆ, ಯಾವ ವಿಧಾನದಿಂದ ಬಂಧಿಸಬಹುದು ಎಂದು ಸಾಮಾನ್ಯ ವಿಧಿ 3 ಆಗಲಿ ಎರಡನೆಯ ಪ್ರೋಟೋಕಾಲ್ ಆಗಲಿ ಹೇಳುವುದಿಲ್ಲ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2017ರಲ್ಲಿ ಸೆರ್ದಾರ್ ಮೊಹಮ್ಮದ್ ಪ್ರಕರಣದಲ್ಲಿ ಅಫ್ಘಾನಿಸ್ತಾನದ ಬಂಧನಕ್ಕೆ ಅಧಿಕಾರವನ್ನು ಕಂಡದ್ದು ಭದ್ರತಾ ಮಂಡಳಿಯ ನಿರ್ಣಯಗಳಲ್ಲಿ.

ಗಡಿಯಾಚೆಯ ಹೊಣೆಗೆ ದಿನಾಂಕದ ಕ್ರಮದಲ್ಲಿ ಓದಬೇಕು, ಹಿಂದುಮುಂದಾದರೆ ಗೊಂದಲ ಖಚಿತ. 2001ರ ಬಾಂಕೊವಿಚ್ ತೀರ್ಮಾನದಲ್ಲಿ ಬೆಲ್‌ಗ್ರೇಡ್ ಮೇಲಿನ ವಿಮಾನ ದಾಳಿಯಲ್ಲಿ ಸತ್ತವರು ದಾಳಿ ಮಾಡಿದ ದೇಶಗಳ ನ್ಯಾಯವ್ಯಾಪ್ತಿಗೆ ಬರಲಿಲ್ಲ. 7 ಜುಲೈ 2011ರ ಅಲ್-ಸ್ಕೆಯ್ನಿ ತೀರ್ಪಿನಲ್ಲಿ ಬಸ್ರಾದಲ್ಲಿ ಭದ್ರತೆಯ ಅಧಿಕಾರ ಚಲಾಯಿಸುತ್ತಿದ್ದ ಬ್ರಿಟನ್‌ಗೆ ಹೊಣೆ ಬಂತು, ಸಾವಿನ ಬಗ್ಗೆ ಸ್ವತಂತ್ರ ತನಿಖೆ ಮಾಡುವ ಕರ್ತವ್ಯವೂ ಬಂತು. 21 ಜನವರಿ 2021ರ ಜಾರ್ಜಿಯಾ ವಿರುದ್ಧ ರಷ್ಯಾ ಎರಡನೆಯ ತೀರ್ಪಿನಲ್ಲಿ, 2008ರ ಆಗಸ್ಟ್ 8ರಿಂದ 12ರವರೆಗಿನ ಸಕ್ರಿಯ ಕಾದಾಟದ ಹಂತ ನ್ಯಾಯವ್ಯಾಪ್ತಿಯ ಹೊರಗೆ ಎಂದು 11-6ರಲ್ಲಿ ಹೇಳಲಾಯಿತು, ಆದರೆ ತನಿಖೆಯ ಕರ್ತವ್ಯ ಉಳಿಯಿತು. ಬಾಂಬು ಬೀಳುವ ಹೊತ್ತಿನಲ್ಲೇ ಹಕ್ಕುಗಳ ನ್ಯಾಯಾಲಯ ಹಿಂದೆ ಸರಿದದ್ದು ಈ ಕ್ಷೇತ್ರಕ್ಕೆ ದೊಡ್ಡ ಹಿನ್ನಡೆಯಾಗಿತ್ತು. 9 ಜುಲೈ 2025ರಂದು ಉಕ್ರೇನ್ ಮತ್ತು ನೆದರ್‌ಲ್ಯಾಂಡ್ಸ್ ವಿರುದ್ಧ ರಷ್ಯಾ ತೀರ್ಪಿನಲ್ಲಿ ಗ್ರ್ಯಾಂಡ್ ಚೇಂಬರ್ ಆ ಗೆರೆಯನ್ನು ದಾಟಿ ಸೇನಾ ದಾಳಿಗಳಿಗೂ ರಷ್ಯಾದ ನ್ಯಾಯವ್ಯಾಪ್ತಿಯನ್ನು ಒಪ್ಪಿತು. 2021ರ ತೀರ್ಪಿನಲ್ಲೇ ಓದು ನಿಲ್ಲಿಸಿದ ಬರಹಗಳು ಇನ್ನೂ ಓಡಾಡುತ್ತಿವೆ. ಬರಹದ ದಿನಾಂಕ ನೋಡಿ.

ಹೇಗ್‌ನ ನ್ಯಾಯಾಲಯದ ತಾಣ ಸರಳ. ಪ್ರಕರಣದ ಪುಟ ತೆರೆದರೆ ಪೂರ್ತಿ ಅಭಿಪ್ರಾಯ, ಸಾರಾಂಶ, ನ್ಯಾಯಾಧೀಶರ ಪ್ರತ್ಯೇಕ ಅಭಿಪ್ರಾಯಗಳು ಪಿಡಿಎಫ್ ರೂಪದಲ್ಲಿ ಸಿಗುತ್ತವೆ. ನಮಗೆ ಬೇಕಾದ ಕಂಡಿಕೆಗಳು ಕೆಲವೇ. ಅಣ್ವಸ್ತ್ರಗಳ ಬಗ್ಗೆ 8 ಜುಲೈ 1996ರ ಸಲಹಾ ಅಭಿಪ್ರಾಯದ ಕಂಡಿಕೆ 25: 1966ರ ಒಡಂಬಡಿಕೆಯ ರಕ್ಷಣೆ ಯುದ್ಧದಲ್ಲಿ ನಿಲ್ಲುವುದಿಲ್ಲ, ಆದರೆ ಜೀವಹರಣ ಮನಸೋಇಚ್ಛೆಯದೇ ಎಂಬುದನ್ನು ಯುದ್ಧದ ಕಾನೂನು ಎಂಬ ಲೆಕ್ಸ್ ಸ್ಪೆಷಿಯಾಲಿಸ್‌ನಿಂದ, ಅಂದರೆ ಆ ಸಂದರ್ಭಕ್ಕೆಂದೇ ಇರುವ ವಿಶೇಷ ಕಾನೂನಿನಿಂದ, ನಿರ್ಧರಿಸಬೇಕು. ಆಕ್ರಮಿತ ಪ್ಯಾಲೆಸ್ತೀನ್ ಪ್ರದೇಶದಲ್ಲಿ ಇಸ್ರೇಲ್ ಕಟ್ಟಿದ ಗೋಡೆಯ ಬಗ್ಗೆ 9 ಜುಲೈ 2004ರ ಅಭಿಪ್ರಾಯದ ಕಂಡಿಕೆ 106: ಕೆಲವು ಹಕ್ಕುಗಳು ಯುದ್ಧದ ಕಾನೂನಿಗೆ ಮಾತ್ರ ಸೇರಿದವು, ಕೆಲವು ಹಕ್ಕುಗಳ ಕಾನೂನಿಗೆ ಮಾತ್ರ, ಕೆಲವು ಎರಡಕ್ಕೂ. ಕಾಂಗೊ ವಿರುದ್ಧ ಉಗಾಂಡಾ, 19 ಡಿಸೆಂಬರ್ 2005ರ ತೀರ್ಪಿನ ಕಂಡಿಕೆ 216: ಅದೇ ಮೂರು ಸಾಧ್ಯತೆಗಳನ್ನು ಮತ್ತೆ ಹೇಳಿ ಎರಡೂ ಕಾನೂನುಗಳನ್ನು ಪರಿಗಣಿಸಬೇಕು ಎನ್ನುತ್ತದೆ, ಲೆಕ್ಸ್ ಸ್ಪೆಷಿಯಾಲಿಸ್ ಎಂಬ ಮಾತು ಮಾತ್ರ ಅಲ್ಲಿಲ್ಲ. ಸಾರಾಂಶ ಓದಿ ಮುಗಿಸುವವರಿಗೆ ಈ ಬದಲಾವಣೆ ಕಾಣುವುದಿಲ್ಲ. ‘ವಿಶೇಷ ಕಾನೂನು ಸಾಮಾನ್ಯ ಕಾನೂನನ್ನು ತಳ್ಳಿಹಾಕುತ್ತದೆ’ ಎಂದು 1996ರ ಒಂದೇ ವಾಕ್ಯದ ಮೇಲೆ ಇಡೀ ವಾದ ಕಟ್ಟುವವರಿಗೆ ಈ ಮೂರೂ ಕಂಡಿಕೆಗಳನ್ನು ಒಟ್ಟಿಗೆ ತೋರಿಸಬೇಕು. 1996ರ ಆ ಕಂಡಿಕೆ ಕೂಡ ತಳ್ಳಿಹಾಕು ಎನ್ನುವುದಿಲ್ಲ, ಒಂದು ಪದದ ಅರ್ಥವನ್ನು ಇನ್ನೊಂದು ಕಾನೂನಿನಿಂದ ತುಂಬು ಎನ್ನುತ್ತದೆ.

ವಿಶ್ವಸಂಸ್ಥೆಯ ಸಮಿತಿ ದಾಖಲೆಗಳ ತಾಣ ಐದರಲ್ಲಿ ಅತಿ ಕಿರಿಕಿರಿಯದು. ವಿಷಯದ ಹೆಸರಿನಿಂದ ಹುಡುಕಿದರೆ ಸಮಯ ವ್ಯರ್ಥ, ದಾಖಲೆಯ ಸಂಕೇತದಿಂದಲೇ ಹೋಗಬೇಕು. 1966ರ ಒಡಂಬಡಿಕೆಯ ಪಾಲನೆಯನ್ನು ನೋಡಿಕೊಳ್ಳುವ ಮಾನವ ಹಕ್ಕುಗಳ ಸಮಿತಿಯ ಸಾಮಾನ್ಯ ಟಿಪ್ಪಣಿಗಳಲ್ಲಿ ನಾಲ್ಕು ಬೇಕು. ತುರ್ತು ಪರಿಸ್ಥಿತಿಯ ಬಗ್ಗೆ 2001ರ 29, ಗಡಿಯಾಚೆಯ ಹೊಣೆಯ ಬಗ್ಗೆ 2004ರ 31, ಬಂಧನದ ಬಗ್ಗೆ 2014ರ 35, ಜೀವದ ಹಕ್ಕಿನ ಬಗ್ಗೆ 2018ರ 36. ಇವುಗಳಲ್ಲಿ 31ರ ಕಂಡಿಕೆ 11 ಎರಡು ಕಾನೂನುಗಳು ಪರಸ್ಪರ ಪೂರಕ, ಒಂದನ್ನೊಂದು ಹೊರಗಿಡುವುದಿಲ್ಲ ಎನ್ನುತ್ತದೆ. 36ರ ಕಂಡಿಕೆ 64 ವರದಿಗಾರರಿಗೆ ತುಂಬ ಉಪಯುಕ್ತ: ಯುದ್ಧದ ಕಾನೂನಿಗೆ ಅನುಗುಣವಾದ ಮಾರಕ ಬಲ ಸಾಮಾನ್ಯವಾಗಿ ಮನಸೋಇಚ್ಛೆಯದಲ್ಲ ಎಂದು ಒಪ್ಪಿದ ಮೇಲೆ, ಗುರಿ ಆರಿಸುವ ಮಾನದಂಡ, ಕಾನೂನಿನ ಆಧಾರ, ಕಡಿಮೆ ಹಾನಿಯ ಪರ್ಯಾಯಗಳನ್ನು ಯೋಚಿಸಲಾಗಿತ್ತೇ ಎಂಬುದನ್ನು ಸರ್ಕಾರಗಳು ಸಾಮಾನ್ಯವಾಗಿ ಬಹಿರಂಗಪಡಿಸಬೇಕು ಎನ್ನುತ್ತದೆ. ದಾಳಿಯ ನಂತರ ಸೇನಾ ವಕ್ತಾರರಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಇಲ್ಲೇ ಸಿದ್ಧವಾಗಿದೆ. ಈ ಟಿಪ್ಪಣಿಗಳು ಸಮಿತಿಯ ವ್ಯಾಖ್ಯಾನಗಳು, ಒಪ್ಪಂದದಂತೆ ತಾವೇ ಕಟ್ಟಿಹಾಕುವುದಿಲ್ಲ. ಒಡಂಬಡಿಕೆ ಗಡಿಯಾಚೆ ಅನ್ವಯಿಸುತ್ತದೆ ಎಂಬ ಸಮಿತಿಯ ನಿಲುವನ್ನು ಅಮೆರಿಕ ಮತ್ತು ಇಸ್ರೇಲ್ ಬಹುಕಾಲದಿಂದ ವಿರೋಧಿಸಿವೆ. ಅದನ್ನು ಹೇಳದೆ ಟಿಪ್ಪಣಿಯನ್ನು ಕಾನೂನೆಂದು ಬರೆಯುವುದು ಓದುಗರಿಗೆ ಮಾಡುವ ಅನ್ಯಾಯ.

ವಿಶ್ವಸಂಸ್ಥೆಯ ಒಪ್ಪಂದ ಸಂಗ್ರಹ ಬೇರೆಯೇ ತಾಣ, ಅದನ್ನು ಬಹಳ ಮಂದಿ ಮರೆಯುತ್ತಾರೆ. ಅಧ್ಯಾಯ 4ರಲ್ಲಿ ಮಾನವ ಹಕ್ಕುಗಳ ಒಪ್ಪಂದಗಳಿವೆ, ಅದರ ನಾಲ್ಕನೆಯ ನಮೂದು 1966ರ ಒಡಂಬಡಿಕೆ. ಪುಟದ ಕೆಳಭಾಗಕ್ಕೆ ಹೋದರೆ ವಿಧಿ 4ರ ಅಡಿಯಲ್ಲಿ ಯಾವ ದೇಶ ಯಾವ ಹಕ್ಕನ್ನು ಯಾವಾಗ ತಾತ್ಕಾಲಿಕವಾಗಿ ಅಮಾನತಿನಲ್ಲಿಟ್ಟಿತು ಎಂಬ ಸೂಚನೆಗಳು ಸಿಗುತ್ತವೆ. ಸೂಚನೆಯಿಲ್ಲದಿದ್ದರೆ ಹಕ್ಕು ಪೂರ್ತಿಯಾಗಿ ಜಾರಿಯಲ್ಲಿದೆ ಎಂಬುದು ಆರಂಭದ ಊಹೆ. ಸೂಚನೆಯಿದ್ದರೂ ಜೀವದ ಹಕ್ಕು, ಚಿತ್ರಹಿಂಸೆಯ ನಿಷೇಧ, ಗುಲಾಮಗಿರಿಯ ನಿಷೇಧ ಅಮಾನತಾಗುವುದಿಲ್ಲ. ಯುರೋಪಿನ ಒಡಂಬಡಿಕೆಯ ವಿಧಿ 15ರಲ್ಲಿ ಒಂದು ವ್ಯತ್ಯಾಸವಿದೆ: ಕಾನೂನುಬದ್ಧ ಯುದ್ಧಕೃತ್ಯಗಳಿಂದ ಆದ ಸಾವುಗಳ ಮಟ್ಟಿಗೆ ಜೀವದ ಹಕ್ಕನ್ನೂ ಅಮಾನತಿನಲ್ಲಿಡಲು ಅವಕಾಶವಿದೆ. ಆ ಸೂಚನೆಗಳು ವಿಶ್ವಸಂಸ್ಥೆಯಲ್ಲಿ ಸಿಗುವುದಿಲ್ಲ, ಕೌನ್ಸಿಲ್ ಆಫ್ ಯುರೋಪಿನ ಒಪ್ಪಂದ ಕಚೇರಿಯ ತಾಣದಲ್ಲಿ ಸಂಖ್ಯೆ 005ರ ಕೆಳಗೆ ನೋಡಬೇಕು.

ಅಮೆರಿಕ ಖಂಡಗಳ ಮಾನವ ಹಕ್ಕುಗಳ ವ್ಯವಸ್ಥೆ ಈ ಐದರಲ್ಲಿ ಸೇರಿಲ್ಲ, ಕೇಸ್‌ಬುಕ್‌ನಲ್ಲಿ ಸ್ವಲ್ಪ ಸಿಗುತ್ತದೆ. ಅರ್ಜೆಂಟೀನಾದ ಲಾ ತಬ್ಲಾದಾ ಸೇನಾ ನೆಲೆಯ ಮೇಲೆ 1989ರಲ್ಲಿ ನಡೆದ, ಸುಮಾರು 30 ಗಂಟೆಯ ಕಾದಾಟದ ಬಗ್ಗೆ ಅಲ್ಲಿನ ಆಯೋಗ 1997ರಲ್ಲಿ ಯುದ್ಧದ ಕಾನೂನನ್ನು ನೇರವಾಗಿ ಅನ್ವಯಿಸಿತು. 2000ದ ಲಾಸ್ ಪಾಲ್ಮೇರಾಸ್ ತೀರ್ಮಾನದಲ್ಲಿ ಆ ವ್ಯವಸ್ಥೆಯ ನ್ಯಾಯಾಲಯ, ಜಿನೀವಾ ಒಪ್ಪಂದಗಳ ಉಲ್ಲಂಘನೆಯನ್ನು ನೇರವಾಗಿ ತೀರ್ಮಾನಿಸುವ ಅಧಿಕಾರ ತನಗಿಲ್ಲ ಎಂದಿತು. ಮೊದಲನೆಯದನ್ನು ಮಾತ್ರ ಉಲ್ಲೇಖಿಸಿದರೆ ಚಿತ್ರ ಅರ್ಧ.

ಬಳಸುವ ಕ್ರಮ ಹೀಗಿದ್ದರೆ ಕೆಲಸ ಬೇಗ ಸಾಗುತ್ತದೆ. ಮೊದಲು ಸಂಘರ್ಷದ ಬಗೆ: ದೇಶ-ದೇಶಗಳ ನಡುವಿನದೋ, ಆಂತರಿಕವೋ, ಅಥವಾ ಸಶಸ್ತ್ರ ಸಂಘರ್ಷದ ಮಟ್ಟಕ್ಕೇ ಮುಟ್ಟಿಲ್ಲವೋ. ಮುಟ್ಟಿಲ್ಲವಾದರೆ ಹಕ್ಕುಗಳ ಕಾನೂನು ಮಾತ್ರ, ರೆಡ್‌ಕ್ರಾಸ್ ಡೇಟಾಬೇಸ್ ಮುಚ್ಚಬಹುದು. ಎರಡನೆಯದು ದೇಶ ಬದ್ಧವಾಗಿರುವ ಒಪ್ಪಂದಗಳು. ಮೂರನೆಯದು ನ್ಯಾಯವ್ಯಾಪ್ತಿ, ನಾಲ್ಕನೆಯದು ಅಮಾನತಿನ ಸೂಚನೆ. ನಿಯಮಗಳ ಹೋಲಿಕೆ ಐದನೆಯದು. ತಪ್ಪುವುದು ಹೆಚ್ಚಾಗಿ ಐದನೆಯದರಿಂದ ಶುರುಮಾಡಿದಾಗ. ಬಗೆ ತಪ್ಪಾದರೆ ಮುಂದಿನ ಪ್ರತಿ ವಿಧಿಯೂ ತಪ್ಪಾಗುತ್ತದೆ.

ಉಲ್ಲೇಖ ಬರೆದಿಡುವಾಗ ಬರೀ ಕೊಂಡಿ ಉಳಿಸಬೇಡಿ. ತಾಣಗಳ ವಿನ್ಯಾಸ ಬದಲಾದಾಗ ಹಳೆಯ ಕೊಂಡಿಗಳು ಸಾಯುತ್ತವೆ. ರೆಡ್‌ಕ್ರಾಸ್‌ಗೆ ನಿಯಮದ ಸಂಖ್ಯೆ ಅಥವಾ ವಿಧಿ ಮತ್ತು ವ್ಯಾಖ್ಯಾನದ ವರ್ಷ, ಹ್ಯೂಡಾಕ್‌ಗೆ ಅರ್ಜಿ ಸಂಖ್ಯೆ, ತೀರ್ಪಿನ ದಿನಾಂಕ ಮತ್ತು ಕಂಡಿಕೆ, ಹೇಗ್‌ಗೆ ದಿನಾಂಕ ಮತ್ತು ಕಂಡಿಕೆ, ಸಮಿತಿಗೆ ಟಿಪ್ಪಣಿಯ ಸಂಖ್ಯೆ ಮತ್ತು ದಾಖಲೆಯ ಸಂಕೇತ. ಇಷ್ಟು ಬರೆದಿಟ್ಟರೆ ಪುಟ ಎಲ್ಲಿಗೆ ಸರಿದರೂ ದಾಖಲೆ ಮತ್ತೆ ಸಿಗುತ್ತದೆ.